ಕ್ಷಮಿಸು ಎಂದು ನಾವು ಯಾರಿಗೆ ಹೇಳುತ್ತೇವೆ?

"ನಿಮ್ಮಲ್ಲಿ ವರದಕ್ಷಿಣೆಯ ಪಿಡುಗು ಇಲ್ಲವಲ್ಲ ಮೇಡಂ" ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಮೆಚ್ಚುಗೆಯಿಂದಲೇ ಆಡುವ ಮಾತು ಅದು. ಕ್ರೈಸ್ತರೆಂದರೆ ಓದಿದವರು, ಹೆಣ್ಣುಮಕ್ಕಳನ್ನು ನರ್ಸಿಂಗಿಗೂ ಟೀಚರ್ ಕೆಲಸಕ್ಕೂ ಕಳಿಸಿದವರು, ಅವರ ಮನೆಗಳಲ್ಲಿ ಇಂಥದ್ದೆಲ್ಲ ಇರಲಾರದು ಎಂಬ ನಂಬಿಕೆ. ಆದರೆ ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮಾತಿನಲ್ಲಿ ಅದಕ್ಕೊಂದು ಹೆಸರೇ ಇದೆ: 'ದೊತ್'. ಪೋರ್ಚುಗೀಸರಿಂದ ಬಂದು ನಮ್ಮ ಮನೆಯೊಳಗೆ ಕೂತ ಪದ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಅದೇ 'ಸ್ತ್ರೀಧನಂ'. ೧೯೧೬ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆ ಮಗಳಿಗೆ ಕೊಟ್ಟದ್ದು ಮಗನ ಪಾಲಿನ ನಾಲ್ಕನೇ ಒಂದು ಭಾಗ ಇಲ್ಲವೇ ೫,೦೦೦ ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸ್ತ್ರೀಧನ ಕೊಟ್ಟಿದ್ದರೆ, ಕೊಡುತ್ತೇನೆಂದು ಬರೀ ಮಾತು ಕೊಟ್ಟಿದ್ದರೂ ಸಾಕು, ಅದೂ ಇಲ್ಲ. ಮೇರಿ ರಾಯ್ ಎಂಬ ಒಬ್ಬ ಹೆಣ್ಣುಮಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ೧೯೮೬ರಲ್ಲಿ ಗೆದ್ದ ಮೇಲೆಯೇ ಅಲ್ಲಿನ ಹೆಣ್ಣುಮಕ್ಕಳಿಗೆ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಸಮಪಾಲು ದಕ್ಕಿದ್ದು.

ಆದ್ದರಿಂದ ಕ್ರೈಸ್ತರಲ್ಲಿ ವರದಕ್ಷಿಣೆ ಇದೆಯೇ ಇಲ್ಲವೇ ಎಂಬುದು ನನ್ನ ಚರ್ಚೆಯಲ್ಲ. ಆ ಹಣಕ್ಕಾಗಿ ಪೆಟ್ಟು ತಿಂದ ಹೆಣ್ಣು ಭಾನುವಾರ ಬೆಳಿಗ್ಗೆ ಇಗರ್ಜಿಗೆ ಬಂದು ಬೆಂಚಿನಲ್ಲಿ ಕೂತಾಗ ಅವಳಿಗೆ ನಾವು ಏನು ಕೊಡುತ್ತೇವೆ, ಏನು ಕೇಳುತ್ತೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಹೊರಗಿನ ಓದುಗರಿಗಾಗಿ ಮೊದಲು ಒಂದು ಮಾತು ಹೇಳಬೇಕು. ನಮ್ಮಂಥ ಒಂದು ಸಣ್ಣ ಧರ್ಮಕೇಂದ್ರದ ಜನರಲ್ಲಿ ದಯೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಯಾರ ಮನೆಯಲ್ಲಾದರೂ ಸಾವಾದರೆ ಇಗರ್ಜಿಯ ಗಂಟೆ ಕೇಳಿದ ಅರ್ಧ ಗಂಟೆಯಲ್ಲಿ ವಾಡೆಯ ಗುರ್ಕಾರರು ಅಂಗಳದಲ್ಲಿರುತ್ತಾರೆ. ಗುರ್ಕಾರರೆಂದರೆ ಆ ವಾಡೆಯ ಮನೆಗಳ ಮುಖಂಡರು. ಕುರ್ಚಿ ಬರುತ್ತದೆ, ಗಂಜಿ ಬರುತ್ತದೆ, ಹೆಂಗಸರು ಜಪಸರ ಹಿಡಿದು ಕೂತುಬಿಡುತ್ತಾರೆ. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಸತ್ತವರ ಹೆಸರು ಓದಿ ಬಲಿಪೂಜೆ ಅರ್ಪಿಸುತ್ತೇವೆ. ನವೆಂಬರ್ ೨ ಮೃತರ ಸ್ಮರಣೆಯ ದಿನ. ಅಂದು ಸಂಜೆ ಸ್ಮಶಾನದಲ್ಲಿ ಒಂದೊಂದು ಸಮಾಧಿಯ ಮೇಲೂ ಮೇಣದ ಬತ್ತಿ ಉರಿಯುತ್ತದೆ, ಸೇವಂತಿಗೆ ಇರುತ್ತದೆ, ವಾರಸುದಾರರಿಲ್ಲದ ಸಮಾಧಿಯ ಮೇಲೂ ಯಾರಾದರೊಬ್ಬರು ಒಂದು ಬತ್ತಿ ಹಚ್ಚಿಡುತ್ತಾರೆ. ಊರಿಗೆ ಹೊಸದಾಗಿ ಬಂದ ಕುಟುಂಬವನ್ನು ಎಲ್ಲರೆದುರು ಹೆಸರು ಹೇಳಿ ಸ್ವಾಗತಿಸುತ್ತೇವೆ. ಸೆಪ್ಟೆಂಬರ್ ೮ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಹಂಚುವಾಗ ಇವರು ಬಡವರು, ಇವರು ಸಾಹುಕಾರರು ಎಂದು ನೋಡುವುದಿಲ್ಲ. ಇದೆಲ್ಲ ನಾಟಕವಲ್ಲ. ನಾನೇ ಈ ದಯೆಯನ್ನು ಉಂಡು ಬೆಳೆದವಳು.

ಅಂಥ ಜನ ಒಂದು ಹೆಣ್ಣಿನ ಮುಂದೆ ಮಾತ್ರ ಯಾಕೆ ಬೇರೆಯಾಗಿಬಿಡುತ್ತಾರೆ?

ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡುವ ಒಂದು ಪಟ್ಟಿ ಇದೆ, ಕರುಣೆಯ ಹದಿನಾಲ್ಕು ಕಾರ್ಯಗಳು. ಏಳು ದೇಹಕ್ಕೆ ಸಂಬಂಧಿಸಿದವು: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆ ಇಲ್ಲದವರಿಗೆ ಬಟ್ಟೆ, ಮನೆ ಇಲ್ಲದವರಿಗೆ ಆಸರೆ, ರೋಗಿಗಳ ಮತ್ತು ಸೆರೆಯಲ್ಲಿರುವವರ ಭೇಟಿ, ಸತ್ತವರನ್ನು ಮಣ್ಣು ಮಾಡುವುದು. ಇನ್ನೇಳು ಆತ್ಮಕ್ಕೆ ಸಂಬಂಧಿಸಿದವು. ಅವುಗಳಲ್ಲಿ ನೊಂದವರನ್ನು ಸಂತೈಸುವುದಿದೆ, ಇದ್ದವರಿಗಾಗಿಯೂ ಸತ್ತವರಿಗಾಗಿಯೂ ಪ್ರಾರ್ಥಿಸುವುದಿದೆ. ಅನ್ಯಾಯವನ್ನು ತಾಳ್ಮೆಯಿಂದ ಸಹಿಸುವುದು, ಅಪರಾಧಗಳನ್ನು ಕ್ಷಮಿಸುವುದು ಎಂಬ ಎರಡೂ ಇವೆ. ಜೊತೆಗೆ ಪಾಪ ಮಾಡಿದವರನ್ನು ಎಚ್ಚರಿಸುವುದು ಎಂಬ ಇನ್ನೊಂದೂ ಇದೆ. ಪೋಪ್ ಫ್ರಾನ್ಸಿಸ್ ಅವರು ಕರುಣೆಯ ವರ್ಷವೆಂದು ಘೋಷಿಸಿದ್ದ ೨೦೧೫–೧೬ರಲ್ಲಿ ಈ ಪಟ್ಟಿಯ ಮೇಲೆ ನಾವು ಎಷ್ಟೊಂದು ಪ್ರವಚನ ಕೇಳಿದೆವು!

ಈ ಹದಿನಾಲ್ಕನ್ನು ನಾವು ಹಂಚಿಕೊಂಡ ರೀತಿಯನ್ನು ನೋಡಿ. ಸಹಿಸುವುದು ಮತ್ತು ಕ್ಷಮಿಸುವುದು, ಇವೆರಡು ಹೆಂಡತಿಯ ಪಾಲಿಗೆ ಬಂದಿವೆ. ಪಾಪ ಮಾಡಿದವನನ್ನು ಎಚ್ಚರಿಸುವ ಕಾರ್ಯ ಯಾರ ಪಾಲಿಗೂ ಬಂದಿಲ್ಲ. ಗಂಡ ಹೊಡೆದನೆಂದು ಅವಳು ಅಳುತ್ತ ಬಂದರೆ ಹಿರಿಯರು "ಪ್ರಾರ್ಥನೆ ಮಾಡು, ಕ್ಷಮಿಸು, ಯೇಸುಸ್ವಾಮಿ ಶಿಲುಬೆಯ ಮೇಲೂ ಕ್ಷಮಿಸಲಿಲ್ಲವೇ" ಎನ್ನುತ್ತಾರೆ. ಹದಿನೆಂಟು ವರ್ಷ ಸಿಡುಕು ಗಂಡನೊಡನೆ ಬಾಳಿ ಅವನನ್ನು ತಿದ್ದಿದಳೆಂಬ ಸಂತ ರೀಟಾಳ ಚರಿತ್ರೆಯನ್ನು ಕೈಗೆ ಕೊಡುತ್ತಾರೆ. ಅದೇ ಹೊತ್ತಿಗೆ ಆ ಗಂಡ ಮುಂದಿನ ಬೆಂಚಿನಲ್ಲಿ ಕೂತು ಹಾಡುತ್ತಿರುತ್ತಾನೆ, ಹಬ್ಬದ ಸಮಿತಿಯಲ್ಲಿರುತ್ತಾನೆ. ಅವನ ಬಳಿ ಯಾರು ಹೋದರು? ಲೂಕನ ಶುಭಸಂದೇಶದ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ, ಛತ್ರಕ್ಕೆ ಸಾಗಿಸಿ, ಕೈಯಿಂದ ಹಣ ಕೊಟ್ಟ. ಕಳ್ಳರನ್ನು ಕ್ಷಮಿಸಿದೆಯಾ ಎಂದು ಅವನನ್ನು ಕೇಳಲಿಲ್ಲ.

ಕ್ಷಮೆಯ ಮಾತು ಬಂದಾಗಲೆಲ್ಲ ಹೆಣ್ಣುಮಕ್ಕಳಿಗೆ ಮಾದರಿಯಾಗಿ ತೋರಿಸುವ ಇನ್ನೊಬ್ಬ ಸಂತಳು ಇಟಲಿಯ ಮರಿಯಾ ಗೊರೆಟ್ಟಿ. ಹನ್ನೊಂದು ವರ್ಷದ ಬಡ ಹುಡುಗಿ. ೧೯೦೨ರಲ್ಲಿ ನೆರೆಯ ಯುವಕನೊಬ್ಬ ಬಲಾತ್ಕಾರಕ್ಕೆ ಬಂದು, ಅವಳು ಪ್ರತಿಭಟಿಸಿದಾಗ ಇರಿದು ಕೊಂದ. ಸಾಯುವ ಮುನ್ನ ಅವನನ್ನು ಕ್ಷಮಿಸಿದಳು. ೧೯೫೦ರಲ್ಲಿ ಸಂತ ಪದವಿ ಸಿಕ್ಕಿತು. ಇಷ್ಟು ಕತೆ ನಮ್ಮ ಎಲ್ಲ ಹುಡುಗಿಯರಿಗೂ ಗೊತ್ತು. ಉಳಿದರ್ಧ ಕತೆಯನ್ನು ಯಾರೂ ಹೇಳುವುದಿಲ್ಲ. ಆ ಯುವಕನಿಗೆ ಮೂವತ್ತು ವರ್ಷಗಳ ಶಿಕ್ಷೆಯಾಯಿತು, ಇಪ್ಪತ್ತೇಳು ವರ್ಷ ಅವನು ಸೆರೆಯಲ್ಲಿದ್ದ. ಬಿಡುಗಡೆಯಾದ ಮೇಲೆ ಹುಡುಗಿಯ ತಾಯಿಯ ಮನೆ ಬಾಗಿಲಿಗೆ ತಾನೇ ಹೋಗಿ ಕ್ಷಮೆ ಬೇಡಿದ. ಹುಡುಗಿ ಕ್ಷಮಿಸಿದ್ದಾಳಲ್ಲ, ಮೊಕದ್ದಮೆ ಬೇಡ ಎಂದು ಅವಳ ಊರಿನವರು ಪೊಲೀಸರನ್ನು ವಾಪಸು ಕಳಿಸಲಿಲ್ಲ. ನಮ್ಮಲ್ಲಿ ದೂರು ಬರೆಯುವ ಮೊದಲೇ ರಾಜಿ ಪಂಚಾಯಿತಿ ಕೂತಿರುತ್ತದೆ.

ಪೆಟ್ಟು ತಿಂದವಳ ಮೇಲೆ ಕ್ಷಮೆಯ ಹೊರೆ ಹೇರುವುದು ಕ್ರೈಸ್ತ ಬೋಧನೆಯ ತಿರುಳೆಂದು ತಿಳಿದವರು ತಮ್ಮದೇ ಸಂಸ್ಕಾರಗಳನ್ನು ಸರಿಯಾಗಿ ಓದಿಲ್ಲವೆಂದೇ ನನ್ನ ಅಭಿಪ್ರಾಯ. ಪಾಪನಿವೇದನೆಯನ್ನೇ ತೆಗೆದುಕೊಳ್ಳಿ. ಪಶ್ಚಾತ್ತಾಪ ಬೇಕು, ಬಾಯಿಬಿಟ್ಟು ಹೇಳಬೇಕು, ಆಮೇಲೆ ಪ್ರಾಯಶ್ಚಿತ್ತ ಮಾಡಬೇಕು. ೧೯೯೨ರಲ್ಲಿ ಬಂದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಕದ್ದದ್ದನ್ನು ಹಿಂದಿರುಗಿಸಬೇಕು, ಮಾಡಿದ ಹಾನಿಯನ್ನು ಸಾಧ್ಯವಿದ್ದಷ್ಟು ತುಂಬಿಕೊಡಬೇಕು. ಸುಂಕದ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡಾಗ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಎದ್ದು ನಿಂತು ಮಾತು ಕೊಟ್ಟ. ದೊತ್ ಎಂದು ಬಾಯಿಬಿಟ್ಟು ಕೇಳಿ ತೆಗೆದುಕೊಂಡ ಹಣ ಯಾವ ಲೆಕ್ಕಕ್ಕೆ ಸೇರಿದ್ದು? ಅಪ್ಪನ ಗದ್ದೆ ಅಡವಿಟ್ಟು ತಂದ ಚಿನ್ನ ಯಾರ ಕಪಾಟಿನಲ್ಲಿದೆ? ಅದನ್ನು ಹಿಂದಿರುಗಿಸದೆ ಪ್ರತಿ ಈಸ್ಟರಿಗೆ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸುವ ಗಂಡು, ಅವನ ತಂದೆ ತಾಯಿ, ಯಾವ ಪಾಪವನ್ನು ಹೇಳಿ ಎದ್ದು ಬರುತ್ತಾರೋ ನನಗೆ ಕುತೂಹಲವಿದೆ. ಪಾದ್ರಿಗಳು ಪಾಪನಿವೇದನೆಯ ಗುಟ್ಟನ್ನು ಹೊರಗೆ ಹೇಳುವಂತಿಲ್ಲ ನಿಜ. ಆದರೆ "ಅದನ್ನು ಮೊದಲು ಹಿಂದಿರುಗಿಸು" ಎಂದು ಅಲ್ಲಿಯೇ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಈ ವಿಷಯದಲ್ಲಿ ದೇಶದ ಕಾನೂನು ಹೇಳುವುದೂ ಇದನ್ನೇ. ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆಯ ೬ನೇ ಕಲಮಿನ ಪ್ರಕಾರ ಮದುವಣಗಿತ್ತಿಯಲ್ಲದೆ ಬೇರೆ ಯಾರೇ ವರದಕ್ಷಿಣೆ ಪಡೆದಿದ್ದರೂ ಅದನ್ನು ಮೂರು ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಅವರು ಅವಳ ಸೊತ್ತನ್ನು ಕಾಯುವವರು ಮಾತ್ರ. ಮದುವೆಯಾಗಿ ಏಳು ವರ್ಷದೊಳಗೆ ಅವಳು ಅಸಹಜವಾಗಿ ಸತ್ತರೆ ಆ ಸೊತ್ತು ಅವಳ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಅವಳ ತಂದೆ ತಾಯಿಗೆ ಸೇರಬೇಕು. ಗಂಡನ ಮನೆಯವರಿಗಲ್ಲ. ಈ ಕಲಮು ಪುಸ್ತಕದಲ್ಲಿ ಇದೆಯೆಂಬುದೇ ಬಹಳ ತಂದೆ ತಾಯಿಯರಿಗೆ ಗೊತ್ತಿಲ್ಲ.

ಇನ್ನು ಸ್ಮರಣೆಯ ವಿಷಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ೨೦೨೨ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ೬,೦೦೦ಕ್ಕೂ ಹೆಚ್ಚು. ಸ್ಟೌ ಸಿಡಿದು ಸತ್ತಳು, ಬಾವಿಗೆ ಕಾಲು ಜಾರಿ ಬಿದ್ದಳು ಎಂದು ಮುಗಿದುಹೋದವರು ಆ ಲೆಕ್ಕದ ಹೊರಗೆ. ಬಾವಿಗೆ ಹಾರಿದ ಹೆಣ್ಣಿಗೆ ನಮ್ಮ ಧರ್ಮಸಭೆ ಏನು ಮಾಡುತ್ತಿತ್ತು ಎಂಬುದನ್ನು ಇಂದಿನ ತಲೆಮಾರು ಮರೆತಿದೆ. ೧೯೧೭ರ ಧರ್ಮಸಭೆಯ ಕಾನೂನು ಸಂಹಿತೆ, ಬುದ್ಧಿಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಶವಸಂಸ್ಕಾರವನ್ನು ನಿರಾಕರಿಸಿತ್ತು. ಗಂಟೆಯಿಲ್ಲ, ಪೂಜೆಯಿಲ್ಲ, ಪವಿತ್ರ ನೆಲದಲ್ಲಿ ಜಾಗವಿಲ್ಲ. ಗಂಡನ ಮನೆಯ ಕಾಟ ತಾಳಲಾರದೆ ಸತ್ತವಳು ಸತ್ತ ಮೇಲೂ ಅಪರಾಧಿಯಾಗಿದ್ದಳು. ಕಾಟ ಕೊಟ್ಟವನು ಮುಂದೊಂದು ದಿನ ಸಕಲ ಮರ್ಯಾದೆಯೊಡನೆ ಅದೇ ಸ್ಮಶಾನದ ನಡುವೆ ಮಲಗುತ್ತಿದ್ದ. ೧೯೮೩ರ ಹೊಸ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. ಮನಸ್ಸು ನೊಂದು, ಭಯದಿಂದ, ಹಿಂಸೆಯಿಂದ ಪ್ರಾಣ ಬಿಟ್ಟವರ ಹೊಣೆ ಕಡಿಮೆಯೆಂದೂ, ಅವರ ಸದ್ಗತಿಯ ಬಗ್ಗೆ ನಿರಾಶರಾಗಬಾರದೆಂದೂ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆಂದೂ ಆಮೇಲಿನ ಧರ್ಮೋಪದೇಶ ಗ್ರಂಥ ಹೇಳುತ್ತದೆ.

ಇದು ಸಣ್ಣ ಬದಲಾವಣೆಯಲ್ಲ. ಕಾನೂನನ್ನೇ ತಿದ್ದಿ ಕರುಣೆಗೆ ಜಾಗ ಮಾಡಿಕೊಡಬಹುದೆಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ. ಆದರೆ ಸತ್ತವಳಿಗೆ ಬಾಗಿಲು ತೆರೆದವರು ಬದುಕಿದ್ದವಳಿಗೆ ತೆರೆದೆವೇ? ಅವಳ ಹೆಸರಿನಲ್ಲಿ ಪೂಜೆ ನಡೆಯುತ್ತದೆ, ಪತ್ರಿಕೆಯಲ್ಲಿ 'ಅಗಲಿದ ಪ್ರೀತಿಯ ಮಡದಿ' ಎಂದು ಫೋಟೋ ಬರುತ್ತದೆ, ಕೆಳಗೆ ದುಃಖತಪ್ತರೆಂದು ಮೊದಲು ಅಚ್ಚಾಗುವುದು ಗಂಡನ ಹೆಸರು. ಹೇಗೆ ಸತ್ತಳೆಂಬುದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೆನೆಯುವುದು ಎಂಥ ಸ್ಮರಣೆ? ಹಳೆಯ ಒಡಂಬಡಿಕೆಯ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೆಫ್ತಾಹನ ಮಗಳ ಕತೆ ಬರುತ್ತದೆ. ಯುದ್ಧ ಗೆಲ್ಲಲೆಂದು ತಂದೆ ಹೊತ್ತ ಹರಕೆಗೆ ಬಲಿಯಾದವಳು. ಅವಳಿಗೆ ಆ ಪುಸ್ತಕದಲ್ಲಿ ಹೆಸರೂ ಇಲ್ಲ. ಆದರೆ ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷವರ್ಷವೂ ನಾಲ್ಕು ದಿನ ಹೊರಟುಹೋಗಿ ಅವಳಿಗಾಗಿ ಶೋಕಿಸುತ್ತಿದ್ದರೆಂದು ಬರೆದಿದೆ. ಸುಮ್ಮನೆ ಸತ್ತವಳೆಂದಲ್ಲ, ಇಂಥ ಕಾರಣಕ್ಕೆ ಬಲಿಯಾದವಳೆಂದು ತಿಳಿದೇ ಅತ್ತರು. ಮಹಿಳಾ ಸಂಘಟನೆಗಳು ಬೀದಿಯಲ್ಲಿ ಸತ್ತ ಹೆಣ್ಣುಮಕ್ಕಳ ಹೆಸರು ಹಿಡಿದು ನಿಂತಾಗ ನನಗೆ ಈ ನಾಲ್ಕು ದಿನಗಳ ನೆನಪಾಗುತ್ತದೆ.

ಸ್ವಾಗತದ ವಿಷಯಕ್ಕೆ ಬಂದರೆ ಒಂದು ಘಟನೆ ಹೇಳಲೇಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನ ಹೊಡೆತ ತಾಳಲಾರದೆ ಮಗುವಿನೊಡನೆ ತವರಿಗೆ ಬಂದಿದ್ದಳು. ಪೂಜೆ ಮುಗಿದು ಹೊರಗೆ ನಿಂತಾಗ ಹೆಂಗಸರು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ಕೊಂಕಣಿಯಲ್ಲಿ, ನಗುನಗುತ್ತಲೇ: "ಯಾವಾಗ ವಾಪಸು ಹೋಗುವುದು ಬಾಯಿ?" ಪರಮಪ್ರಸಾದದ ಸಾಲಿನಲ್ಲಿ ಅವಳು ಏಳದೆ ಕೂತೇ ಇರುವುದನ್ನು ಕೆಲವು ವಾರ ಗಮನಿಸಿದೆ. ಒಂದು ದಿನ ಮನೆಗೆ ಕರೆದು ಕೇಳಿದಾಗ "ಗಂಡನನ್ನು ಬಿಟ್ಟವರು ತೆಗೆದುಕೊಳ್ಳಬಾರದಂತಲ್ಲ ಟೀಚರ್, ದೊಡ್ಡಮ್ಮ ಹೇಳಿದರು" ಎಂದಳು. ಎರಡು ವರ್ಷದಿಂದ ಅವಳು ತೆಗೆದುಕೊಂಡಿರಲಿಲ್ಲ. ಹೊಡೆದವನು ತನ್ನ ಊರಿನಲ್ಲಿ ಪ್ರತಿ ವಾರ ತೆಗೆದುಕೊಳ್ಳುತ್ತಿದ್ದ.

ಆ ದೊಡ್ಡಮ್ಮನ ಮಾತು ತಪ್ಪು. ಇದನ್ನು ಈ ಪತ್ರಿಕೆ ಓದುವ ಎಲ್ಲ ಕ್ಯಾಥೊಲಿಕ್ ಸೋದರಿಯರೂ ಪಕ್ಕದವರಿಗೆ ಹೇಳಬೇಕು. ಗಂಡನಿಂದ ಬೇರೆ ಇರುವ ಹೆಣ್ಣಿಗೆ, ಕೋರ್ಟಿನ ವಿಚ್ಛೇದನವಾಗಿಯೂ ಮರುಮದುವೆಯಾಗದೆ ಇರುವವಳಿಗೆ, ಆ ಒಂದು ಕಾರಣಕ್ಕಾಗಿ ಪರಮಪ್ರಸಾದವನ್ನು ನಿರಾಕರಿಸುವಂತಿಲ್ಲ. ೧೯೮೧ರಲ್ಲಿಯೇ ಪೋಪ್ ಎರಡನೇ ಜಾನ್ ಪಾಲ್ ಕುಟುಂಬದ ಬಗ್ಗೆ ಬರೆದ ಪ್ರಬೋಧನೆಯಲ್ಲಿ ಇದನ್ನು ಹೇಳಿದ್ದಾರೆ. ೧೯೮೩ರ ಸಂಹಿತೆಯ ೧೧೫೩ನೇ ವಿಧಿ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಭಾರೀ ಅಪಾಯವಿದ್ದರೆ ಬೇರೆಯಾಗಲು ಅದು ನ್ಯಾಯವಾದ ಕಾರಣವೆನ್ನುತ್ತದೆ. ೨೦೧೬ರಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಮುಂದೆ ಹೋಗಿ, ಹೆಂಡತಿ ಮಕ್ಕಳನ್ನು ಹಿಂಸೆಯಿಂದ ಪಾರುಮಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೇ ಆಗುತ್ತದೆ ಎಂದರು. ರೋಮಿನಿಂದ ಹೊರಟ ಈ ಮಾತು ನಮ್ಮ ದೊಡ್ಡಮ್ಮಂದಿರ ಕಿವಿಗೆ ಏಕೆ ತಲುಪಲಿಲ್ಲ? ಮರುಮದುವೆಗೆ ಯಾರು ಅನರ್ಹರೆಂಬುದು ಮಾತ್ರ ಎಲ್ಲರಿಗೂ ತಿಳಿದಿದೆ.

ದೇಶದ ಕಾನೂನೂ ಕ್ರೈಸ್ತ ಹೆಣ್ಣನ್ನು ಬಹಳ ಕಾಲ ಬಾಗಿಲಲ್ಲೇ ನಿಲ್ಲಿಸಿತ್ತು. ಬ್ರಿಟಿಷರ ೧೮೬೯ರ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿ ಮಾತ್ರ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತ್ಯಜಿಸಿ ಹೋದದ್ದನ್ನೋ ಸೇರಿಸಿ ರುಜುವಾತು ಮಾಡಬೇಕಿತ್ತು. ಬರೀ ಕ್ರೌರ್ಯ ಸಾಲದು. ಅಂದರೆ ಎಷ್ಟು ಹೊಡೆದರೂ, ಇನ್ನೊಬ್ಬಳ ಸಹವಾಸ ಮಾಡದಿದ್ದರೆ ಅವನು ಕಾನೂನಿನ ಕಣ್ಣಿಗೆ ಸುರಕ್ಷಿತ! ೧೯೯೫ರಲ್ಲಿ ಕೇರಳ ಹೈಕೋರ್ಟ್ ಆ ಮಾತುಗಳನ್ನು ಹೊಡೆದುಹಾಕಿತು, ೨೦೦೧ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿತು. ನೂರಾ ಮೂವತ್ತೆರಡು ವರ್ಷ ಹಿಡಿಯಿತು. ಇಂದು ೨೦೦೫ರ ಕೌಟುಂಬಿಕ ಹಿಂಸೆ ಕಾಯಿದೆ ಎಲ್ಲ ಧರ್ಮದ ಹೆಣ್ಣಿಗೂ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣೆಯ ಆದೇಶವನ್ನೂ ಕೊಡುತ್ತದೆ. ಹಿಂದೆ ೪೯೮ಎ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದ ಕಲಮು ೨೦೨೪ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ ೮೫ನೇ ಕಲಮಾಗಿದೆ. ಇವನ್ನು ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿ ಅಂಟಿಸಲು ಎಷ್ಟು ಖರ್ಚು ಬರುತ್ತದೆ?

"ಇಗರ್ಜಿ ಸಂಸಾರ ಒಡೆಯುವ ಕೆಲಸಕ್ಕೆ ಕೈಹಾಕಬಾರದು" ಎಂದು ಆಕ್ಷೇಪಿಸುವವರಿದ್ದಾರೆ. ಅವರಲ್ಲಿ ಒಳ್ಳೆಯ ಪಾದ್ರಿಗಳೂ ಇದ್ದಾರೆ. ಮಾತುಕತೆಯಿಂದ ಸರಿಹೋದ ಸಂಸಾರಗಳನ್ನು ಅವರು ಕಂಡಿದ್ದಾರೆ, ನಾನೂ ಕಂಡಿದ್ದೇನೆ. ಅವು ಸರಿಹೋದದ್ದು ಗಂಡನಿಗೂ ಯಾರೋ ಒಬ್ಬರು ನೆಟ್ಟಗೆ ಮಾತಾಡಿದ್ದರಿಂದ, ಕುಡಿತ ಬಿಡಿಸಿದ್ದರಿಂದ, ಅವಳಿಗೆ ಹಿಂದೆ ಹೋಗದೆ ಇರುವ ದಾರಿಯೂ ಇದ್ದುದರಿಂದ. ಬೇರೆ ದಾರಿಯೇ ಇಲ್ಲದವಳು ವಾಪಸು ಹೋದರೆ ಅದನ್ನು ರಾಜಿ ಎನ್ನಲಾಗದು. ವಿಶ್ವ ಚರ್ಚುಗಳ ಪರಿಷತ್ತು ೧೯೮೮ರಿಂದ ೧೯೯೮ರವರೆಗೆ ಸ್ತ್ರೀಯರೊಂದಿಗೆ ಚರ್ಚುಗಳ ಒಗ್ಗಟ್ಟಿನ ದಶಕವನ್ನು ನಡೆಸಿತು. ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ ೨೦೧೦ರಲ್ಲಿ ಲಿಂಗ ಸಮಾನತೆಯ ನೀತಿಯನ್ನೇ ಪ್ರಕಟಿಸಿತು. ಕಾಗದಕ್ಕೆ ಬರವಿಲ್ಲ. ನಮ್ಮ ವಾಡೆಯ ಸಭೆಗಳಲ್ಲಿ ಆ ನೀತಿಯ ಒಂದು ಪುಟವನ್ನಾದರೂ ಓದಿದ್ದನ್ನು ನಾನು ಕೇಳಿಲ್ಲ.

ಮದುವೆಗೆ ಮುಂಚೆ ಹುಡುಗ ಹುಡುಗಿಯ ಹೆಸರುಗಳನ್ನು ಭಾನುವಾರ ಇಗರ್ಜಿಯಲ್ಲಿ ಓದುವ ಪದ್ಧತಿ ನಮ್ಮಲ್ಲಿದೆ. ಈ ಮದುವೆಗೆ ಅಡ್ಡಿ ಯಾರಿಗಾದರೂ ತಿಳಿದಿದ್ದರೆ ಗುರುಗಳಿಗೆ ತಿಳಿಸಬೇಕು. ಹತ್ತಿರದ ರಕ್ತಸಂಬಂಧವೇ, ಮೊದಲೊಂದು ಮದುವೆಯಾಗಿದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಎಷ್ಟು ಕೊಡುವುದು ಎಂದು ಮಾತಾಗಿದೆ ಎಂಬುದನ್ನು ವಿಚಾರಿಸುವುದಿಲ್ಲ. ಅದು ಊರಿಗೆಲ್ಲ ಗೊತ್ತಿರುತ್ತದೆ: ಚಿನ್ನದಂಗಡಿಯವರಿಗೆ, ಸಾಲ ಕೊಟ್ಟ ಸೊಸೈಟಿಗೆ, ಹಾಲ್ ಬುಕ್ ಮಾಡಿದ ಮಾವನಿಗೆ, ದುಬೈಯಿಂದ ಹಣ ಕಳಿಸಿದ ಅಣ್ಣನಿಗೆ. ಮದುವೆಯ ಪೂರ್ವ ತರಬೇತಿ ಶಿಬಿರದಲ್ಲಿ ಎರಡು ಮನೆಯವರಿಂದಲೂ ದೊತ್ ಕೊಟ್ಟಿಲ್ಲ, ಪಡೆದಿಲ್ಲ ಎಂದು ಬರೆಸಿಕೊಳ್ಳಬಹುದು. ಸುಳ್ಳು ಬರೆಯುತ್ತಾರೆ ಎನ್ನುವಿರಿ. ಬರೆಯಲಿ, ನಾಳೆ ಅವಳು ತನ್ನದನ್ನು ಕೇಳುವ ದಿನ ಆ ಕಾಗದವನ್ನು ಎದುರಿಟ್ಟು ಆ ಸುಳ್ಳನ್ನೇ ಪ್ರಶ್ನಿಸಬಹುದು. ಧರ್ಮಕೇಂದ್ರದ ಕಟ್ಟಡದಲ್ಲಿ ವರ್ಷವಿಡೀ ಬೀಗ ಹಾಕಿರುವ ಕೋಣೆಗಳಿವೆ. ರಾತ್ರಿ ಹೊರಬಿದ್ದ ತಾಯಿ ಮಗುವಿಗೆ ಅದರಲ್ಲೊಂದು ಸಾಕು. ಮನೆಯಿಲ್ಲದವರಿಗೆ ಆಸರೆ ಎಂಬುದು ಆ ಹದಿನಾಲ್ಕರ ಪಟ್ಟಿಯಲ್ಲೇ ಇದೆಯಲ್ಲ.

ನಮ್ಮ ಪಾಲನಾ ಮಂಡಳಿಯ ಮುಂದೆ ನಾನು ಇಟ್ಟಿರುವುದು ಇದಕ್ಕಿಂತಲೂ ಸಣ್ಣ ಬೇಡಿಕೆ. ನವೆಂಬರ್ ೨ರ ಸಂಜೆ ಸ್ಮಶಾನದಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಓದುವಾಗ, ಯುದ್ಧದಲ್ಲಿ ಮಡಿದವರಿಗಾಗಿ, ಅಪಘಾತದಲ್ಲಿ ಮಡಿದವರಿಗಾಗಿ ಎಂದು ಓದುವ ಜೊತೆಗೆ, ತಮ್ಮ ಮನೆಯವರ ಕೈಯಿಂದ ಹಿಂಸೆಗೊಳಗಾಗಿ ಸತ್ತ ಹೆಣ್ಣುಮಕ್ಕಳಿಗಾಗಿ ಎಂದು ಒಂದು ಸಾಲು ಸೇರಿಸಿ ಎಂದು ಬರೆದುಕೊಟ್ಟಿದ್ದೇನೆ. ಯಾರ ಹೆಸರೂ ಬೇಡ. ಕಾರ್ಯದರ್ಶಿಗಳು ಕಾಗದವನ್ನು ಎರಡು ಸಲ ಓದಿ, ಮಡಿಚಿ ಫೈಲಿನಲ್ಲಿಟ್ಟು, "ಬೇಜಾರು ಮಾಡಿಕೊಳ್ಳುವವರು ಇರುತ್ತಾರಲ್ಲ ಟೀಚರ್, ಮುಂದಿನ ಮೀಟಿಂಗಿನಲ್ಲಿ ನೋಡುವ" ಎಂದರು. ಬೇಜಾರು ಮಾಡಿಕೊಳ್ಳುವವರು ಯಾರು ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಮೀಟಿಂಗು ಅಕ್ಟೋಬರಿನಲ್ಲಿದೆ.